ತುಟ್ಟಿಯ ಲೆಕ್ಕದಲ್ಲಿ ಸಾಲ್ಟ್ ಲೇಕ್

ಕೋಲ್ಕತ್ತದ ಪೂರ್ವಕ್ಕಿದ್ದ ಉಪ್ಪುನೀರಿನ ಜೌಗನ್ನು ಹೂಗ್ಲಿ ನದಿಯ ಹೂಳಿನಿಂದ ತುಂಬಿಸಿ, ಯುಗೊಸ್ಲಾವಿಯಾದ ದೊಬ್ರಿವೊಯೆ ತೋಷ್ಕೊವಿಚ್ ರಚಿಸಿದ ನಕ್ಷೆಯಂತೆ 1960ರ ದಶಕದಲ್ಲಿ ಕಟ್ಟಲಾರಂಭಿಸಿದ ಸಾಲ್ಟ್ ಲೇಕ್, ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರು ಮುಖ್ಯವಾಗಿ ಮಧ್ಯಮ ವರ್ಗಕ್ಕಾಗಿ ಕಲ್ಪಿಸಿದ ಬಡಾವಣೆ. ಭೂಮಿಯ ಒಡೆತನವನ್ನು ಸರ್ಕಾರವೇ ಉಳಿಸಿಕೊಂಡು, 999 ವರ್ಷಗಳ ಗುತ್ತಿಗೆಯ ಮೇಲೆ ನಿವೇಶನಗಳನ್ನು ಹಂಚಿದ್ದರಿಂದ ನೌಕರರೂ ಅಧ್ಯಾಪಕರೂ ಅಲ್ಲಿ ಮನೆ ಕಟ್ಟಿಕೊಂಡರು. ಇಂದು ಆ ಮನೆಗಳ ಬೆಲೆ ಎಷ್ಟೋ ಪಟ್ಟು ಏರಿದೆ. ಆದರೆ ವಾಸದ ಮನೆಯ ಬೆಲೆ ಏರಿದ ಮಾತ್ರಕ್ಕೆ ಅದರೊಳಗಿನವರ ತಿಂಗಳ ಖರ್ಚು ಹಗುರವಾಗುವುದಿಲ್ಲ.

ಆ ಖರ್ಚಿಗೆ ಆಧಾರವಾದ ಸಂಬಳ ಮತ್ತು ಪಿಂಚಣಿಯ ಕೊಳ್ಳುವ ಶಕ್ತಿ ಕುಂದದಂತೆ ಮೂಲವೇತನದ ಅಥವಾ ಮೂಲ ಪಿಂಚಣಿಯ ಇಂತಿಷ್ಟು ಪ್ರತಿಶತವನ್ನು ಸೇರಿಸಿ ಕೊಡುವ ಹಣವೇ ತುಟ್ಟಿ ಭತ್ಯೆ. ಕೇಂದ್ರ ಸರ್ಕಾರ ಅದನ್ನು ಬೆಲೆ ಸೂಚ್ಯಂಕಕ್ಕೆ ಅನುಸಾರವಾಗಿ ವರ್ಷಕ್ಕೆ ಎರಡು ಸಲ ಪರಿಷ್ಕರಿಸುತ್ತದೆ. ಪಶ್ಚಿಮ ಬಂಗಾಳದಲ್ಲಿ ಅಂಥ ಕ್ರಮ ನಡೆದುಬಂದಿಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ದರ 55 ಪ್ರತಿಶತವಿದ್ದಾಗ ರಾಜ್ಯದ್ದು 18 ಪ್ರತಿಶತವಿತ್ತು. ಮೂಲ ಪಿಂಚಣಿ 30,000 ರೂಪಾಯಿ ಎಂದಿಟ್ಟುಕೊಂಡರೆ, ಒಂದೇ ಬೀದಿಯ ಇಬ್ಬರು ನಿವೃತ್ತರ, ಕೇಂದ್ರದ ಒಬ್ಬರು ಮತ್ತು ರಾಜ್ಯದ ಒಬ್ಬರ, ನಡುವಿನ ಅಂತರ ಆಗ ತಿಂಗಳಿಗೆ 11,100 ರೂಪಾಯಿ. ಒಂದೇ ಪೇಟೆಯಲ್ಲಿ ಒಂದೇ ಬೆಲೆಗೆ ಅಕ್ಕಿ, ಮೀನು, ಔಷಧ ಕೊಳ್ಳುವವರ ನಡುವೆ ಇಷ್ಟು ಅಂತರ ಇರುವುದು ನ್ಯಾಯವಲ್ಲ.

ಸೂಚ್ಯಂಕವೂ ಮನೆಯ ಕಷ್ಟವನ್ನು ಪೂರ್ತಿ ಹಿಡಿಯಲಾರದು. ಕುಟುಂಬಗಳು ಕೊಳ್ಳುವ ಸರಕು ಮತ್ತು ಸೇವೆಗಳಿಗೆ ಅವುಗಳ ಖರ್ಚಿನ ಪಾಲಿಗೆ ತಕ್ಕ ತೂಕ ಕೊಟ್ಟು ತೆಗೆಯುವ ಸರಾಸರಿಯೇ ಗ್ರಾಹಕ ಬೆಲೆ ಸೂಚ್ಯಂಕ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ದೇಶದ ಒಟ್ಟು ಸೂಚ್ಯಂಕದಲ್ಲಿ ಆರೋಗ್ಯದ ತೂಕ ನೂರರಲ್ಲಿ 5.89, ಶಿಕ್ಷಣದ್ದು 4.46 ಇತ್ತು. ಮಗುವನ್ನು ಖಾಸಗಿ ಶಾಲೆಗೆ ಕಳಿಸುತ್ತ, ವೃದ್ಧರ ಆರೈಕೆಗೆ ಆಯಾ ಇಟ್ಟುಕೊಂಡ ಮನೆಯಲ್ಲಿ ಈ ಎರಡು ಬಾಬ್ತುಗಳ ಪಾಲು ಅದಕ್ಕಿಂತ ಬಹಳ ಹೆಚ್ಚು. 2024ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ 6.21 ಪ್ರತಿಶತವಿದ್ದಾಗ ಆಹಾರದ ಹಣದುಬ್ಬರ 10.87ಕ್ಕೆ ಮುಟ್ಟಿದ್ದನ್ನೂ ಇಲ್ಲಿ ನೆನೆಯಬೇಕು.

ಸಾಲ್ಟ್ ಲೇಕ್‌ನ ಅನೇಕ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ತಂದೆತಾಯಿ ಮಾತ್ರ. ಮಕ್ಕಳು ಕೆಲಸ ಹುಡುಕಿ ಬೆಂಗಳೂರಿನಂಥ ನಗರಗಳಿಗೆ ಹೋಗಿದ್ದಾರೆ. ಬೆಂಗಳೂರಿನಲ್ಲೂ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿತು, ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚಿತು. ಹೀಗೆ ಮನೆ ಎರಡಾಗಿ ಒಡೆದು, ಬಾಡಿಗೆ ಅಲ್ಲಿ, ಔಷಧ ಇಲ್ಲಿ ಎಂದು ಖರ್ಚೂ ಎರಡಾಗಿದೆ.

ಪರಿಹಾರದ ಪ್ರಯತ್ನಗಳು ಇಲ್ಲವೆಂದಲ್ಲ. ಬಂಗಾಳ ಸರ್ಕಾರದ ಸುಫಲ್ ಬಾಂಗ್ಲಾ ಮಳಿಗೆಗಳು ತರಕಾರಿಯನ್ನು ಪೇಟೆಗಿಂತ ಕಡಿಮೆ ಬೆಲೆಗೆ ಮಾರುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಪ್ರತಿಶತ ತೆರಿಗೆಯೂ ರದ್ದಾಯಿತು. ತುಟ್ಟಿ ಭತ್ಯೆಗಾಗಿ ಮಾತ್ರ ರಾಜ್ಯದ ನೌಕರರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು: ಹಿಂದಿನ ವರ್ಷಗಳ ಬಾಕಿಯಲ್ಲಿ ಕಾಲು ಭಾಗವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 16ರಂದು ಪಶ್ಚಿಮ ಬಂಗಾಳಕ್ಕೆ ಮಧ್ಯಂತರ ಆದೇಶ ನೀಡಿತು.