ಕಂಪನಿ ವಾಪಸ್ ಕರೆದ ಕಾರು: ರಿಪೇರಿ ಮತ್ತು ಅದರ ನಂತರ

ಒಂದೇ ಮಾದರಿಯ, ಒಂದೇ ಅವಧಿಯಲ್ಲಿ ತಯಾರಾದ ವಾಹನಗಳಲ್ಲಿ ಜೀವಕ್ಕೆ ಅಪಾಯ ತರಬಲ್ಲ ದೋಷ ಕಂಡುಬಂದಾಗ ಕಂಪನಿ ಅವನ್ನು ವಾಪಸ್ ಕರೆಸಿ, ತನ್ನದೇ ಖರ್ಚಿನಲ್ಲಿ ಸರಿಪಡಿಸಿಕೊಡುವುದಕ್ಕೆ ರೀಕಾಲ್ ಎನ್ನುತ್ತಾರೆ. ಇದು ಮಾಮೂಲಿ ಸರ್ವಿಸೂ ಅಲ್ಲ, ವಾರಂಟಿಯೂ ಅಲ್ಲ. ವಾರಂಟಿಯಲ್ಲಿ ಬದಲಾಗುವುದು ಕೆಟ್ಟುಹೋದ ಭಾಗ. ರೀಕಾಲ್‌ನಲ್ಲಿ ಬದಲಾಗುವುದು ಇನ್ನೂ ಕೆಡದ, ಮುಂದೆ ಕೆಡಬಹುದಾದ ಭಾಗ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ 2,36,966 ಬೈಕುಗಳನ್ನು ಕರೆಸಿತು. ಅವುಗಳಲ್ಲಿ ಶೇ 10ಕ್ಕಿಂತ ಕಡಿಮೆ ಬೈಕುಗಳಿಗೆ ಮಾತ್ರ ಭಾಗ ಬದಲಿಸಬೇಕಾದೀತು ಎಂದು ಕಂಪನಿಯೇ ಹೇಳಿತ್ತು. ಆದರೂ ಎಲ್ಲವನ್ನೂ ಪರೀಕ್ಷಿಸದೆ ಆ ಶೇ 10 ಯಾವುವೆಂದು ತಿಳಿಯುವ ದಾರಿ ಇರಲಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತಿರುವಾಗ ಮಾಲೀಕನಿಗೆ ಸರ್ವಿಸ್ ಸೆಂಟರಿಗೆ ಹೋಗುವ ತುರ್ತು ಕಾಣುವುದಿಲ್ಲ. ರೀಕಾಲ್‌ನ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಈ ತೊಡಕುಗಳೆಲ್ಲ ಒಟ್ಟಿಗೆ ಕಾಣಸಿಗುವುದು ಟಕಾಟಾ ಏರ್‌ಬ್ಯಾಗ್ ಪ್ರಕರಣದಲ್ಲಿ. ವಾಹನ ಉದ್ಯಮದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸುರಕ್ಷತಾ ರೀಕಾಲ್ ಇನ್ನೊಂದಿಲ್ಲ. ಜಪಾನಿನ ಟಕಾಟಾ 1933ರಲ್ಲಿ ಜವಳಿ ಕಂಪನಿಯಾಗಿ ಆರಂಭವಾಗಿ, ಆಮೇಲೆ ಸೀಟ್ ಬೆಲ್ಟಿಗೂ ಏರ್‌ಬ್ಯಾಗಿಗೂ ಹೆಸರಾಯಿತು. ಏರ್‌ಬ್ಯಾಗಿನ ಹಿಂದೆ ಇನ್‌ಫ್ಲೇಟರ್ ಎಂಬ ಸಣ್ಣ ಲೋಹದ ಡಬ್ಬಿ ಇರುತ್ತದೆ. ಚಾಲಕನ ಬದಿಯಲ್ಲಾದರೆ ಅದು ಸ್ಟೀರಿಂಗ್ ಚಕ್ರದ ನಡುವೆ, ಹಾರ್ನಿನ ಹಿಂದೆ ಕೂತಿರುತ್ತದೆ. ಡಿಕ್ಕಿಯಾದ ಕ್ಷಣ ಅದರೊಳಗಿನ ರಾಸಾಯನಿಕದ ಬಿಲ್ಲೆಗಳಿಗೆ ಕಿಡಿ ತಗಲಿ ಅನಿಲ ಹುಟ್ಟುತ್ತದೆ, ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಚೀಲ ತುಂಬಿಕೊಳ್ಳುತ್ತದೆ. ಉರಿ ನಿಧಾನವಾದರೆ ಚೀಲ ಸಮಯಕ್ಕೆ ಉಬ್ಬುವುದಿಲ್ಲ. ಅತಿ ವೇಗವಾದರೆ ಡಬ್ಬಿಯೇ ಸಿಡಿಯುತ್ತದೆ.

2000ದ ಆಸುಪಾಸಿನಲ್ಲಿ ಟಕಾಟಾ ಈ ಬಿಲ್ಲೆಗಳಿಗೆ ಅಮೋನಿಯಂ ನೈಟ್ರೇಟ್ ಬಳಸತೊಡಗಿತು. ಅಗ್ಗವಾಗಿ ಸಿಗುವ ಈ ವಸ್ತು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತದೆ. ಹಗಲು ಬಿಸಿಲಿನಲ್ಲಿ ಕಾದು ರಾತ್ರಿ ತಣಿಯುವ ಕಾರಿನೊಳಗೆ, ವರ್ಷಗಟ್ಟಲೆ ತೇವ ಮತ್ತು ಶಾಖದ ಏರಿಳಿತ ತಿಂದ ಬಿಲ್ಲೆ ಒಳಗಿಂದೊಳಗೇ ಸಡಿಲವಾಗುತ್ತದೆ, ಬಿರುಕು ಬಿಡುತ್ತದೆ. ಉರಿಗೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ. ಆಗ ಒತ್ತಡ ತಾಳಲಾರದೆ ಡಬ್ಬಿ ಒಡೆದು, ಲೋಹದ ಚೂರುಗಳು ಚೀಲವನ್ನು ಸೀಳಿಕೊಂಡು ಚಾಲಕನ ಕುತ್ತಿಗೆ, ಮುಖ, ಎದೆಗೆ ನುಗ್ಗುತ್ತವೆ. ಸಾಧಾರಣ ಡಿಕ್ಕಿಯಲ್ಲಿ ಗಾಯವೂ ಇಲ್ಲದೆ ಇಳಿದು ಬರಬೇಕಾದವರು ಕಾಪಾಡಬೇಕಾದ ಸಾಧನದಿಂದಲೇ ಸತ್ತರು. ಕಾರು ಹಳೆಯದಾದಷ್ಟೂ, ಊರು ಸೆಕೆಯದಾದಷ್ಟೂ ಅಪಾಯ ಹೆಚ್ಚು. ಅಮೆರಿಕದಲ್ಲಿ ಫ್ಲಾರಿಡಾದಂತಹ ತೇವ ಹೆಚ್ಚಿರುವ ರಾಜ್ಯಗಳ ಕಾರುಗಳಿಗೆ ರಿಪೇರಿಯಲ್ಲಿ ಮೊದಲ ಸರದಿ ಕೊಟ್ಟದ್ದು ಇದೇ ಕಾರಣಕ್ಕೆ.

ಈ ಏರ್‌ಬ್ಯಾಗುಗಳನ್ನು ಬಳಸಿದ್ದ ಹೊಂಡಾ ಮೊದಲ ರೀಕಾಲ್ ಮಾಡಿದ್ದು 2008ರ ನವೆಂಬರಿನಲ್ಲಿ, ಸುಮಾರು 4,000 ಕಾರುಗಳಿಗೆ ಮಾತ್ರ. ಕಾರ್ಖಾನೆಯಲ್ಲಿ ಕೆಲವು ಬ್ಯಾಚುಗಳ ಬಿಲ್ಲೆಗಳು ಸರಿಯಾಗಿ ತಯಾರಾಗಿಲ್ಲ ಎಂಬುದು ಆಗಿನ ವಿವರಣೆ. 2009ರ ಮೇ ತಿಂಗಳಲ್ಲಿ ಒಕ್ಲಹೋಮದಲ್ಲಿ ಇಂಥ ಏರ್‌ಬ್ಯಾಗ್ ಸಿಡಿದು ಹದಿಹರೆಯದ ಯುವತಿಯೊಬ್ಬಳು ಸತ್ತಳು. ರೀಕಾಲ್‌ನ ವ್ಯಾಪ್ತಿ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಯಿತು. ದೋಷ ಇರುವುದನ್ನು ಟಕಾಟಾ ಒಪ್ಪಿಕೊಂಡದ್ದು 2015ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಅಮೆರಿಕ ಒಂದರಲ್ಲೇ ಸುಮಾರು 3.4 ಕೋಟಿ ವಾಹನಗಳ ಮಾತಾಗಿತ್ತು. ಪರೀಕ್ಷೆಯ ಫಲಿತಾಂಶಗಳನ್ನು ತಿದ್ದಿ ವಾಹನ ಕಂಪನಿಗಳಿಗೆ ಕೊಟ್ಟದ್ದು ಬಯಲಾಗಿ, 2017ರ ಆರಂಭದಲ್ಲಿ ಅದು ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯ ಅಪರಾಧವನ್ನು ಒಪ್ಪಿಕೊಂಡು 100 ಕೋಟಿ ಡಾಲರ್ ಕೊಡಲು ತಲೆಬಾಗಿತು. ಅದೇ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದಲ್ಲಿ ವಾಪಸ್ ಕರೆದ ಏರ್‌ಬ್ಯಾಗುಗಳು ಸುಮಾರು 6.7 ಕೋಟಿ, ಜಗತ್ತಿನಲ್ಲಿ ಸುಮಾರು 10 ಕೋಟಿ. ಅಮೆರಿಕವೊಂದರಲ್ಲೇ ಕನಿಷ್ಠ 28 ಸಾವುಗಳು ದೃಢಪಟ್ಟಿವೆ, 400ಕ್ಕೂ ಹೆಚ್ಚು ಜನ ಗಾಯಗೊಂಡಿದ್ದಾರೆ. ಮಲೇಷ್ಯಾ, ಆಸ್ಟ್ರೇಲಿಯಾಗಳಲ್ಲೂ ಜೀವಗಳು ಹೋಗಿವೆ.

ಘೋಷಣೆಯಾದ ಮೇಲೆ ನಡೆದದ್ದೇ ಸಾಮಾನ್ಯ ಮಾಲೀಕನಿಗೆ ಹೆಚ್ಚು ತಿಳಿಯಬೇಕಾದ ಸಂಗತಿ. ಕೋಟಿಗಟ್ಟಲೆ ಇನ್‌ಫ್ಲೇಟರುಗಳನ್ನು ಒಮ್ಮೆಲೇ ತಯಾರಿಸುವ ಶಕ್ತಿ ಯಾವ ಕಾರ್ಖಾನೆಗೂ ಇರಲಿಲ್ಲ. ಆಟೊಲಿವ್, ಡೈಸೆಲ್, ಝಡ್‌ಎಫ್‌ನಂಥ ಪ್ರತಿಸ್ಪರ್ಧಿ ಕಂಪನಿಗಳಿಂದ ತರಿಸಿಕೊಳ್ಳಬೇಕಾಯಿತು. 'ನಿಮ್ಮ ಕಾರಿನ ಏರ್‌ಬ್ಯಾಗ್ ಪ್ರಾಣಾಪಾಯ ತರಬಹುದು' ಎಂಬ ಪತ್ರ ಮಾಲೀಕರ ಕೈಗೆ ಬಂದಿತ್ತು, ಬದಲಿ ಭಾಗ ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಕೆಲವು ಡೀಲರುಗಳು ಅಷ್ಟು ಕಾಲ ಓಡಿಸಲು ಬೇರೆ ಕಾರು ಕೊಟ್ಟರು. 2014ರಲ್ಲಿ ಟೊಯೋಟಾ ಕಂಪನಿಯು ಭಾಗ ಸಿಗದ ಕಡೆ ಮುಂದಿನ ಪ್ರಯಾಣಿಕರ ಏರ್‌ಬ್ಯಾಗನ್ನೇ ನಿಷ್ಕ್ರಿಯಗೊಳಿಸಿ, ಆ ಸೀಟಿನಲ್ಲಿ ಯಾರೂ ಕೂರಬಾರದೆಂದು ಸೂಚನೆ ಅಂಟಿಸುವಂತೆ ಡೀಲರುಗಳಿಗೆ ಹೇಳಿತು. ಏರ್‌ಬ್ಯಾಗ್ ಇಲ್ಲದ ಅಪಾಯ ಒಂದು ಕಡೆ, ಏರ್‌ಬ್ಯಾಗ್ ಸಿಡಿಯುವ ಅಪಾಯ ಇನ್ನೊಂದು ಕಡೆ. ಹೊಸ ಕಾರಿನಲ್ಲಿ ಸಿಡಿಯುವ ಸಾಧ್ಯತೆ ತೀರ ಕಡಿಮೆಯಿದ್ದುದರಿಂದ ಏರ್‌ಬ್ಯಾಗನ್ನು ಹಾಗೇ ಬಿಡುವುದು ಮೇಲಾಗಿತ್ತು. 2001ರಿಂದ 2003ರ ನಡುವಿನ ಕೆಲವು ಹೊಂಡಾ, ಅಕ್ಯುರಾ ಕಾರುಗಳ ಕಥೆ ಬೇರೆ. ಡಿಕ್ಕಿಯಾದರೆ ಅವುಗಳ ಏರ್‌ಬ್ಯಾಗ್ ಸಿಡಿಯುವ ಸಾಧ್ಯತೆ ಶೇ 50ರವರೆಗೂ ಇದೆ ಎಂದು 2016ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಹೇಳಿತು. ರಿಪೇರಿಗೆ ಒಯ್ಯುವುದನ್ನು ಬಿಟ್ಟು ಬೇರಾವುದಕ್ಕೂ ಅವನ್ನು ಓಡಿಸಬೇಡಿ ಎಂದಿತು.

ಇನ್ನೂ ನೋವಿನ ಸಂಗತಿಯೆಂದರೆ ರಿಪೇರಿಯೇ ತಾತ್ಕಾಲಿಕವಾದದ್ದು. ಬೇರೆ ಭಾಗ ಸಿಗದೆ ಎಷ್ಟೋ ಕಾರುಗಳಿಗೆ ಅದೇ ಅಮೋನಿಯಂ ನೈಟ್ರೇಟಿನ ಹೊಸ ಇನ್‌ಫ್ಲೇಟರುಗಳನ್ನೇ ಕೂರಿಸಲಾಯಿತು. ಹೊಸದು ಹಳತಾಗಲು ವರ್ಷಗಳು ಬೇಕು, ಅಲ್ಲಿಯವರೆಗೆ ಅಪಾಯವಿಲ್ಲ ಎಂಬ ಲೆಕ್ಕ ಅದು. ಲೆಕ್ಕ ತಪ್ಪಲ್ಲ. ಆದರೆ ಆ ಕಾರುಗಳನ್ನು ಮತ್ತೊಮ್ಮೆ ಕರೆಸಬೇಕಾಯಿತು. 'ನನ್ನ ಕಾರಿನದು ಆಗಿಹೋಗಿದೆ' ಎಂದು ನೆಮ್ಮದಿಯಾಗಿದ್ದವರು ಎರಡನೆಯ ಪತ್ರವನ್ನು ಮೊದಲನೆಯದರ ನಕಲೆಂದು ಬಗೆದು ಬದಿಗಿಡುವುದು ಸುಲಭ. ಇಂಥ ರಿಪೇರಿ ಶಾಶ್ವತವೋ ಮಧ್ಯಂತರದ್ದೋ ಎಂಬುದನ್ನು ಬಿಲ್ಲಿನಲ್ಲೇ ದಪ್ಪ ಅಕ್ಷರಗಳಲ್ಲಿ ಬರೆದುಕೊಡುವ ನಿಯಮ ಎಲ್ಲ ದೇಶಗಳಲ್ಲೂ ಬರಬೇಕು.

ಕೊನೆಯ ಕಾರನ್ನು ತಲುಪುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕಾರು ಹತ್ತು ಹದಿನೈದು ವರ್ಷಗಳಲ್ಲಿ ಎರಡು ಮೂರು ಕೈ ಬದಲಾಗಿರುತ್ತದೆ. ಕಂಪನಿಯ ದಾಖಲೆಯಲ್ಲಿರುವ ವಿಳಾಸ ಮೊದಲ ಮಾಲೀಕನದು. ಈಗಿನವರು ಕಂಪನಿಯ ಸರ್ವಿಸ್ ಸೆಂಟರಿನ ಮೆಟ್ಟಿಲು ಹತ್ತದೆ ಬೀದಿಯ ಗ್ಯಾರೇಜಿನಲ್ಲೇ ಎಲ್ಲ ಕೆಲಸ ಮಾಡಿಸುತ್ತಿರುತ್ತಾರೆ. ಅತಿ ಹಳೆಯ, ಅತಿ ಅಪಾಯದ ಕಾರು ಹೀಗೆ ಕಡಿಮೆ ಹಣವಿರುವವರ ಕೈಯಲ್ಲಿ ಉಳಿಯುತ್ತದೆ. ಆಸ್ಟ್ರೇಲಿಯಾ ಇದನ್ನು ಕಂಪನಿಗಳ ಇಷ್ಟಕ್ಕೆ ಬಿಡಲಿಲ್ಲ. 2018ರ ಮಾರ್ಚಿನಲ್ಲಿ ರೀಕಾಲ್ ಕಡ್ಡಾಯ ಮಾಡಿ, 2020ರ ಕೊನೆಯ ಗಡುವು ಕೊಟ್ಟಿತು. ಸುಮಾರು 30 ಲಕ್ಷ ವಾಹನಗಳ 40 ಲಕ್ಷ ಏರ್‌ಬ್ಯಾಗುಗಳಲ್ಲಿ ಶೇ 99ಕ್ಕೂ ಹೆಚ್ಚಿನದನ್ನು ಬದಲಿಸಲಾಯಿತು ಅಥವಾ ಅವುಗಳ ಗತಿ ಏನಾಯಿತೆಂದು ಪತ್ತೆಹಚ್ಚಲಾಯಿತು. ಕಡ್ಡಾಯವೆಂಬ ಮಾತು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಭಾರತಕ್ಕೂ ಟಕಾಟಾದ ಬಿಸಿ ತಟ್ಟಿತು. ಹೊಂಡಾ 2015ರ ಸೆಪ್ಟೆಂಬರಿನಲ್ಲಿ ಇಲ್ಲಿ ಸುಮಾರು 2.23 ಲಕ್ಷ, 2016ರ ಜುಲೈನಲ್ಲಿ ಸುಮಾರು 1.9 ಲಕ್ಷ ಕಾರುಗಳನ್ನು ಕರೆಸಿತು. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಕಿರ್ಲೋಸ್ಕರ್ 2017ರಲ್ಲಿ ಸುಮಾರು 23,000 ಕೊರೊಲ್ಲಾ ಆಲ್ಟಿಸ್ ಕಾರುಗಳನ್ನು ಕರೆಸಿತು. ಅವು 2010ರಿಂದ 2012ರ ನಡುವೆ ತಯಾರಾದವು. ಮಂಗಳೂರು, ಉಡುಪಿ, ಕಾರವಾರಗಳ ಸೆಕೆಯಲ್ಲಿ ಬಯಲಿಗೆ ನಿಲ್ಲುವ ಹಳೆಯ ಕಾರುಗಳ ಮಾಲೀಕರು ಇದನ್ನು ಗಮನಿಸಲೇಬೇಕು, ತೇವ ಮತ್ತು ಶಾಖ ಸೇರಿದ ಹವೆ ಅಲ್ಲಿಯದೂ ಹೌದು.

ಆ ರೀಕಾಲ್‌ಗಳೆಲ್ಲ ಕಂಪನಿಗಳು ತಾವಾಗಿಯೇ ಮಾಡಿದವು. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ರೀಕಾಲ್ ಸಂಹಿತೆ ತಂದಿತ್ತು, ಕಾನೂನು ಇರಲಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಂ ಆ ಕೊರತೆ ತುಂಬಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ತರಬಲ್ಲ ದೋಷವಿದ್ದರೆ ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ಆಗ ತಯಾರಕರು ವಾಹನವನ್ನು ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬದಲಿ ವಾಹನ ಕೊಡಬೇಕು, ಇಲ್ಲವೇ ಪೂರ್ಣ ಬೆಲೆ ಹಿಂತಿರುಗಿಸಬೇಕು. ದಂಡ 1 ಕೋಟಿ ರೂಪಾಯಿವರೆಗೂ ಏರಬಹುದು. ಕಂಪನಿ ತಾನೇ ದೋಷ ಕಂಡು ಸರ್ಕಾರಕ್ಕೆ ತಿಳಿಸಿ ರೀಕಾಲ್ ಆರಂಭಿಸಿದರೆ ದಂಡವಿಲ್ಲ. ಮಾಲೀಕರು ಸರ್ಕಾರದ ಪರಿವಾಹನ್ ಜಾಲತಾಣದ ಮೂಲಕ ದೂರು ಕೊಡಬಹುದು. ನಿಗದಿತ ಸಂಖ್ಯೆಯ ದೂರುಗಳು ಬಂದರೆ ತನಿಖೆ ನಡೆಯುತ್ತದೆ.

ನಿಯಮದಲ್ಲಿ ದೊಡ್ಡ ಕೊರತೆಯೊಂದಿದೆ. ತಯಾರಾಗಿ ಏಳು ವರ್ಷ ದಾಟದ ವಾಹನಗಳಿಗೆ ಮಾತ್ರ ಅದು ಅನ್ವಯ. ಟಕಾಟಾದಂಥ ದೋಷ ಬಲಿಯುವುದೇ ವರ್ಷಗಳು ಕಳೆದ ಮೇಲೆ. ಅಮೆರಿಕದಲ್ಲಿ ಉಚಿತ ರಿಪೇರಿಯ ಅವಧಿ ಮೊದಲು ಹತ್ತು ವರ್ಷವಿತ್ತು, 2015ರಲ್ಲಿ ಅದನ್ನು ಹದಿನೈದಕ್ಕೆ ಏರಿಸಿದರು. ಹದಿನೈದು ವರ್ಷ ಕಾರು ಓಡಿಸುವುದು ಸಾಮಾನ್ಯವಾಗಿರುವ ನಮ್ಮಲ್ಲಿ ಏಳರ ಮಿತಿ ತೀರ ಕಡಿಮೆ. ಹಳೆಯ ಕಾರಿಗೂ ಕಂಪನಿ ತಾನಾಗಿ ರಿಪೇರಿ ಮಾಡಿಕೊಡಬಹುದು, ಮಾಡಿಕೊಟ್ಟ ಉದಾಹರಣೆಗಳೂ ಇವೆ. ಆದರೆ ಕಾನೂನಿನ ಬಲದಿಂದ ಬರಬೇಕಾದದ್ದು ಕಂಪನಿಯ ಒಳ್ಳೆಯತನವನ್ನು ಕಾಯುವಂತಾಗಬಾರದು.

ತಮ್ಮ ವಾಹನ ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ಬೇಕಾದದ್ದು ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರ್. ಬಹುತೇಕ ಕಂಪನಿಗಳ ಜಾಲತಾಣದಲ್ಲಿ ಅದನ್ನು ಹಾಕಿದರೆ ಉತ್ತರ ಸಿಗುತ್ತದೆ. ಡೀಲರ್ ಬಳಿ ಕೇಳಿದರೂ ಆದೀತು. ಮಾದರಿಯ ಹೆಸರು ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಆ ಮಾದರಿಯ ಎಲ್ಲ ಕಾರುಗಳೂ ಸೇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮೊದಲ ವಾರದಲ್ಲೇ ಈ ಪರೀಕ್ಷೆ ಮಾಡಿ, ತಮ್ಮ ಮೊಬೈಲ್ ಸಂಖ್ಯೆ ಮತ್ತು ವಿಳಾಸವನ್ನು ಕಂಪನಿಯ ದಾಖಲೆಗೆ ಸೇರಿಸಬೇಕು. ರಿಪೇರಿಯ ದಿನದವರೆಗೆ ಹೇಗೆ ಓಡಿಸಬೇಕೆಂಬುದು ದೋಷದ ಮೇಲೆ ನಿಂತಿದೆ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ 1,81,754 ಕಾರುಗಳನ್ನು ಕರೆಸಿದಾಗ ನೀರು ನಿಂತ ರಸ್ತೆಗಳಲ್ಲಿ ಓಡಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹಾಯಿಸಬೇಡಿ ಎಂದಷ್ಟೇ ಹೇಳಿತು. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕೆ 17,362 ಕಾರುಗಳನ್ನು ಕರೆಸಿದಾಗ, ಭಾಗ ಬದಲಿಸುವವರೆಗೆ ಓಡಿಸಲೇಬೇಡಿ ಎಂದಿತು. ಸೂಚನೆಯ ಈ ಸಾಲನ್ನು ದಾಟಿ ಓದಬಾರದು.

ರಿಪೇರಿ ಮುಗಿದ ಮೇಲೆ ಕಾರನ್ನು ಅಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು. ಏರ್‌ಬ್ಯಾಗ್ ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ ಕೆಲಕಾಲ ಕಾಯುತ್ತಾರೆ, ಉಳಿದ ವಿದ್ಯುತ್ತಿನಿಂದ ಚೀಲ ಅಚಾನಕ್ ಉಬ್ಬಬಾರದೆಂದು. ಹೀಗಾಗಿ ಗಡಿಯಾರ, ರೇಡಿಯೋ, ಕೆಲವು ಕಾರುಗಳಲ್ಲಿ ಪವರ್ ವಿಂಡೋ ತಮ್ಮ ಹಳೆಯ ಹೊಂದಿಕೆ ಮರೆತಿರಬಹುದು. ಅದು ದೋಷವಲ್ಲ, ಮತ್ತೆ ಹೊಂದಿಸಿಕೊಡಲು ಹೇಳಬಹುದು. ಮುಖ್ಯವಾದದ್ದು ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ: ಕೀ ತಿರುಗಿಸಿದಾಗ ಅದು ಹೊತ್ತಬೇಕು, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೂ, ಆರದೇ ಉಳಿದರೂ ಕಾರನ್ನು ಹೊರಗೆ ತರಬಾರದು. ಹಾರ್ನ್ ಮತ್ತು ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡುತ್ತವೆಯೇ, ಸ್ಟೀರಿಂಗ್ ತಿರುಗಿಸುವಾಗ ಉಜ್ಜುವ ಸದ್ದು ಬರುತ್ತದೆಯೇ ಎಂದೂ ನೋಡಬೇಕು. ಚಕ್ರದ ಹಿಂದೆ ಸುರುಳಿ ತಂತಿಯೊಂದಿದ್ದು, ಅದು ಏರುಪೇರಾದರೆ ಈ ಲಕ್ಷಣಗಳು ಕಾಣುತ್ತವೆ. ರೀಕಾಲ್ ಸಂಖ್ಯೆ, ಬದಲಿಸಿದ ಭಾಗ, ದಿನಾಂಕ ಇರುವ ಜಾಬ್ ಕಾರ್ಡನ್ನು ಶೂನ್ಯ ಬಿಲ್ಲಿನ ಸಮೇತ ಪಡೆದು ಆರ್‌ಸಿಯ ಜೊತೆಗಿಡಬೇಕು. ಕಾರು ಮಾರುವಾಗ ಕೊಳ್ಳುವವರಿಗೂ ಅದನ್ನು ಕೊಡಬೇಕು.

ತೆಗೆದ ಹಳೆಯ ಇನ್‌ಫ್ಲೇಟರ್ ಕಂಪನಿಗೆ ಮರಳಬೇಕು. ಅಮೆರಿಕದಲ್ಲಿ ಗುಜರಿ ಕಾರುಗಳಿಂದ ಬಿಚ್ಚಿದ ಟಕಾಟಾ ಏರ್‌ಬ್ಯಾಗುಗಳು ಅಪಘಾತದ ನಂತರ ರಿಪೇರಿಯಾದ ಬೇರೆ ಕಾರುಗಳಿಗೆ ಸೇರಿಕೊಂಡು ಗಾಯ ಮಾಡಿವೆ. ಇತ್ತೀಚಿನ ವರ್ಷಗಳಲ್ಲಿ ಅಗ್ಗದ ಕಳಪೆ ನಕಲಿ ಇನ್‌ಫ್ಲೇಟರುಗಳಿಂದ ಸಾವುಗಳೂ ಆಗಿವೆ. ಚಾಸಿ ನಂಬರ್ ಹಾಕಿ ನೋಡಿದರೆ ಇಂಥ ಕಾರುಗಳು 'ರೀಕಾಲ್ ಬಾಕಿಯಿಲ್ಲ' ಎಂದೇ ತೋರಿಸಬಹುದು, ಏಕೆಂದರೆ ದಾಖಲೆಗೆ ಗೊತ್ತಿರುವುದು ಮೊದಲು ಕೂರಿಸಿದ್ದ ಭಾಗ ಮಾತ್ರ. ಏರ್‌ಬ್ಯಾಗ್ ಒಮ್ಮೆ ಉಬ್ಬಿದ್ದ ಹಳೆಯ ಕಾರು ಕೊಳ್ಳುವವರು ಹೊಸ ಏರ್‌ಬ್ಯಾಗನ್ನು ಯಾರು, ಎಲ್ಲಿಂದ ತಂದು ಹಾಕಿದರು ಎಂಬ ಬಿಲ್ಲು ಕೇಳಬೇಕು.

ರಿಪೇರಿಯ ನಂತರವೂ ತೊಂದರೆ ಉಳಿದರೆ ಮೊದಲು ಡೀಲರಿಗೆ, ಆಮೇಲೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷದ ವಸ್ತುವಿನಿಂದಾದ ಹಾನಿಗೆ ತಯಾರಕರನ್ನು ಹೊಣೆ ಮಾಡುತ್ತದೆ. ಆ ಆಯೋಗದ ಮುಂದೆ ರೀಕಾಲ್ ಪತ್ರ, ಜಾಬ್ ಕಾರ್ಡ್, ದೂರಿನ ಪ್ರತಿ ಮತ್ತು ದೀಪ ಹೊತ್ತಿರುವ ಡ್ಯಾಶ್‌ಬೋರ್ಡಿನ ದಿನಾಂಕ ಸಹಿತ ಚಿತ್ರ ಸಾಕ್ಷ್ಯವಾಗುತ್ತವೆ.