ಕಂಪವಾತ: ಮುಪ್ಪಲ್ಲ, ಬೇನೆ

ಮನೆಯ ಹಿರಿಯರ ಬಲಗೈ ತೊಡೆಯ ಮೇಲೆ ಸುಮ್ಮನಿರುವಾಗಲೇ ನಡುಗತೊಡಗುತ್ತದೆ. ಕಾಫಿಯ ಲೋಟಕ್ಕೆ ಕೈ ಚಾಚಿದೊಡನೆ ನಡುಕ ತುಸು ಅಡಗುತ್ತದೆ. ಅವರ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಇರುವೆಯ ಸಾಲಿನಂತೆ ಕಿರಿದಾಗುತ್ತಿವೆ. “ವಯಸ್ಸಾಯಿತು, ಇನ್ನೇನು!” ಎಂದು ಮನೆಮಂದಿ ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಇದು ಕೇವಲ ವಯೋಧರ್ಮವೇ?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಇಂತಹ ಆರು ಮಂದಿಯ ಸ್ಥಿತಿಯನ್ನು ವಿವರಿಸಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಮುಂದೆ ವ್ಯಾಧಿಗೆ ಆತನ ಹೆಸರೇ ನಿಂತಿತು. ಆಯುರ್ವೇದವು ಇಂತಹ ನಡುಕದ ಬೇನೆಯನ್ನು ಕಂಪವಾತವೆಂದು ಕರೆಯುತ್ತದೆ.

ನಡುಕವೊಂದೇ ಇದರ ಲಕ್ಷಣವಲ್ಲ. ಕೆಲವು ರೋಗಿಗಳಲ್ಲಿ ನಡುಕವೇ ಇರುವುದಿಲ್ಲ. ಚಲನೆ ನಿಧಾನವಾಗುವುದು, ಕೈಕಾಲುಗಳು ಬಿಗಿಯುವುದು, ನಡೆಯುವಾಗ ಒಂದು ತೋಳು ಬೀಸದಿರುವುದು, ಧ್ವನಿ ಕುಗ್ಗುವುದು ಇದರ ಮುಖ್ಯ ಚಿಹ್ನೆಗಳು. ಬಹುಮಟ್ಟಿಗೆ ಇವು ದೇಹದ ಒಂದು ಪಾರ್ಶ್ವದಲ್ಲಿ ಮೊದಲಾಗುತ್ತವೆ. ಮುಖದ ಸ್ನಾಯುಗಳು ಬಿಗಿದು ಭಾವ ಮಾಸಿದಾಗ ಮನೆಯವರು ಅದನ್ನು ಮುನಿಸೆಂದು ತಿಳಿಯುವುದುಂಟು. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೆ ಸೋಮಾರಿತನವೆನ್ನುವುದುಂಟು. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು—ಇವು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ತೋರಬಹುದು.

ಇದಕ್ಕೆಲ್ಲ ಮೂಲವೆಲ್ಲಿ? ಮಿದುಳಿನ ನಡುಭಾಗದಲ್ಲಿ ಕಪ್ಪುಛಾಯೆಯ ಸಣ್ಣ ಪಟ್ಟಿಯೊಂದಿದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆ. ದೇಹದ ಚಲನೆ ಸರಾಗವಾಗಿ ನಡೆಯಲು ಇದು ಅತ್ಯಾವಶ್ಯಕ. ಆ ಕೋಶಗಳು ಒಂದೊಂದಾಗಿ ನಶಿಸಿ, ಡೋಪಮಿನ್ ಬಹಳಷ್ಟು ಕುಂದಿದ ಬಳಿಕವೇ ಚಲನೆಯ ತೊಂದರೆಗಳು ಹೊರಗೆ ತೋರುತ್ತವೆ. ಕೋಶಗಳೇಕೆ ಸಾಯುತ್ತವೆ? ಹೆಚ್ಚಿನ ರೋಗಿಗಳಲ್ಲಿ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು. ವಯಸ್ಸು ಏರಿದಂತೆ ಅಪಾಯವೂ ಏರುತ್ತದೆ. ಕೆಲವು ಕುಟುಂಬಗಳಲ್ಲಿ ಇದು ವಂಶವಾಹಿಯಾಗಿ ಬರುತ್ತದೆ. ಕೆಲವು ಕೀಟನಾಶಕ, ಕಳೆನಾಶಕಗಳ ಸಂಪರ್ಕವೂ ಅಪಾಯವನ್ನು ಹೆಚ್ಚಿಸುತ್ತದೆ. ಇದು ಅಂಟುಜಾಡ್ಯವಲ್ಲ, ಯಾರ ಪಾಪದ ಫಲವೂ ಅಲ್ಲ.

ನಶಿಸಿದ ಕೋಶಗಳನ್ನು ಮರಳಿ ತರುವ ಮದ್ದಿಲ್ಲ. ಆದರೆ ಕುಂದಿದ ಡೋಪಮಿನ್ನನ್ನು ತುಂಬಿಕೊಡುವ ಮದ್ದಿದೆ. ಮಿದುಳು ಡೋಪಮಿನ್ ಆಗಿ ಮಾರ್ಪಡಿಸಿಕೊಳ್ಳುವ ಲೆವೊಡೋಪ ಎಂಬ ವಸ್ತುವನ್ನು ವೈದ್ಯರು 1961ರಿಂದ ರೋಗಿಗಳ ಮೇಲೆ ಪ್ರಯೋಗಿಸಿ ನೋಡಿದರು. ಇಂದಿಗೂ ಅದೇ ಪ್ರಧಾನ ಔಷಧ. ಕುತೂಹಲದ ಸಂಗತಿಯೆಂದರೆ, ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತುವಿದೆ! ಹಾಗೆಂದು ಬೀಜವನ್ನು ಅರೆದು ಕುಡಿಯುವುದು ಅಪಾಯ. ಔಷಧದ ಪ್ರಮಾಣ, ಹೊತ್ತು ಎರಡನ್ನೂ ನರರೋಗತಜ್ಞರೇ ನಿಶ್ಚಯಿಸಬೇಕು. ಇದರೊಡನೆ ನಿತ್ಯ ನಡಿಗೆ, ವ್ಯಾಯಾಮಗಳೂ ಬಹಳ ಉಪಕಾರಿ.

ಔಷಧದಷ್ಟೇ ಅಗತ್ಯವಾದುದು ಮನೆಯವರ ತಾಳ್ಮೆ. ಸ್ನಾನದ ಮನೆಯಲ್ಲಿ ಒಂದು ಹಿಡಿಕೆ, ಜಾರದ ನೆಲ, ಊಟಕ್ಕೆ ಇನ್ನಷ್ಟು ಹೊತ್ತು—ಇವಿಷ್ಟರಿಂದಲೇ ಹಿರಿಯರ ದಿನ ಎಷ್ಟೋ ಹಗುರಾಗುತ್ತದೆ. ಅವರ ಮುಖದಲ್ಲಿ ನಗೆ ಮೂಡದಿದ್ದರೂ ಮನಸ್ಸಿನಲ್ಲಿ ಮಮತೆ ಬತ್ತಿಲ್ಲವೆಂಬುದನ್ನು ಮಕ್ಕಳು ಮೊಮ್ಮಕ್ಕಳು ಮರೆಯಬಾರದು.