ಕಾಣದ ಪೆಟ್ಟಿಗೆಯ ಬೀಗದ ಕೈ

ಮನೆಯ ಯಜಮಾನನು ಕಾಲವಾದ ಮೇಲೆ ಪೆಟ್ಟಿಗೆಯ ಬೀಗದ ಕೈ ದೊರೆಯದೆ ಹೋದರೆ ನಮ್ಮ ಹಿರಿಯರು ಕಮ್ಮಾರನನ್ನು ಕರೆಯಿಸುತ್ತಿದ್ದರು. ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಉಳಿ ಸುತ್ತಿಗೆಗಳಿಗೆ ಮಣಿಯದೆ ಇರುತ್ತಿರಲಿಲ್ಲ. ಬ್ಯಾಂಕಿನಲ್ಲಿಟ್ಟ ಹಣವಾದರೆ ಮರಣಪತ್ರವನ್ನೂ ವಾರಸುದಾರಿಕೆಯ ಕಾಗದಗಳನ್ನೂ ಹಿಡಿದು ಹತ್ತು ಸಲ ತಿರುಗಿದಲ್ಲಿ, ಕಾಲು ಸೋತರೂ ಹಣವು ಕೈಸೇರುತ್ತದೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳೂ ಮೊಮ್ಮಕ್ಕಳೂ ಹಣವನ್ನಿಡುತ್ತಿರುವ ಬೇರೊಂದು ಬಗೆಯ ಪೆಟ್ಟಿಗೆಯುಂಟು. ಅದರ ಬೀಗದ ಕೈ ಕಳೆದರೆ ಒಡೆಯಲು ಕಮ್ಮಾರನೂ ಇಲ್ಲ, ಕೇಳಿಕೊಳ್ಳಲು ಮ್ಯಾನೇಜರನೂ ಇಲ್ಲ, ಅರ್ಜಿ ಹಾಕಲು ಕಚೇರಿಯೂ ಇಲ್ಲ. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳ ‘ವಾಲೆಟ್’ ಎಂಬುದೇ ಆ ಪೆಟ್ಟಿಗೆ. ಈ ನಾಣ್ಯವನ್ನು ಕೊಳ್ಳಿರೆಂದು ಯಾರಿಗೂ ಹೇಳತಕ್ಕವನು ನಾನಲ್ಲ. ನನ್ನ ಮನಸ್ಸಿಗೆ ಅದು ಇಂದಿಗೂ ಅಷ್ಟಾಗಿ ಒಗ್ಗಿಲ್ಲ. ಆದರೆ ಕೊಂಡವರು ಅನೇಕರಿದ್ದಾರೆ. ಅವರ ಮನೆಯಲ್ಲಿ ಹೆಂಡತಿ, ತಂದೆತಾಯಿ, ಮಕ್ಕಳು ಇದ್ದಾರೆ. ಅವರಿಗಾಗಿ ಈ ಬರಹ.

೨೦೦೮ನೆಯ ಇಸವಿ ಅಕ್ಟೋಬರ್ ೩೧ರಂದು ಸತೋಶಿ ನಾಕಾಮೋಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಒಂದು ಲೇಖನದಿಂದ ಈ ವ್ಯವಹಾರವು ಹುಟ್ಟಿತು. ಆ ಹೆಸರಿನವನು ಯಾರೆಂಬುದು ಇದುವರೆಗೆ ಸ್ಥಿರಪಟ್ಟಿಲ್ಲ. ೨೦೦೯ರ ಜನವರಿ ೩ರಂದು ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕವು ಆರಂಭವಾಯಿತು. ವಾಲೆಟ್ ಎಂದರೆ ಹಣದ ಚೀಲವಷ್ಟೆ. ಈ ಹೆಸರೇ ಜನರ ದಾರಿ ತಪ್ಪಿಸಿದೆ. ಏಕೆಂದರೆ ಚೀಲದೊಳಗೆ ನಾಣ್ಯವೇ ಇರುವುದಿಲ್ಲ. ಯಾವ ವಿಳಾಸಕ್ಕೆ ಎಷ್ಟು ಸಲ್ಲತಕ್ಕದ್ದೆಂಬ ಲೆಕ್ಕವು ಲೋಕದಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿ ಪ್ರತಿಪ್ರತಿಯಾಗಿ ಬರೆದಿರುತ್ತದೆ. ಆ ಲೆಕ್ಕದಲ್ಲಿ ನಮ್ಮ ಪಾಲನ್ನು ಮತ್ತೊಬ್ಬರಿಗೆ ದಾಟಿಸುವ ಅಧಿಕಾರವನ್ನು ಕೊಡುವ ಒಂದು ಗುಪ್ತಸಂಖ್ಯೆ ಮಾತ್ರ ನಮ್ಮ ಬಳಿಯಲ್ಲಿರುತ್ತದೆ. ಅದು ೭೮ ಅಂಕಗಳವರೆಗೆ ಉದ್ದವಾಗಬಲ್ಲ ಸಂಖ್ಯೆ. ಅದನ್ನು ಬಲ್ಲವನು ಒಡೆಯ; ಮರೆತವನು ಹೊರಗಿನವನು. ಲೆಕ್ಕದ ಪುಸ್ತಕವು ಮುಖ ನೋಡುವುದಿಲ್ಲ, ಸಹಿ ನೋಡುವುದಿಲ್ಲ, ಕಣ್ಣೀರನ್ನಂತೂ ನೋಡುವುದೇ ಇಲ್ಲ.

ಅಷ್ಟು ಉದ್ದದ ಸಂಖ್ಯೆಯನ್ನು ಮನುಷ್ಯನು ತಪ್ಪಿಲ್ಲದೆ ಬರೆದುಕೊಳ್ಳುವುದು ಕಷ್ಟವೆಂದು ೨೦೧೩ರಲ್ಲಿ ಒಂದು ಉಪಾಯವನ್ನು ಕಲ್ಪಿಸಿದರು. ‘ಅಬ್ಯಾಂಡನ್’ ಎಂಬುದರಿಂದ ಮೊದಲಾಗಿ ‘ಝೂ’ ಎಂಬುದರಲ್ಲಿ ಮುಗಿಯುವ ೨,೦೪೮ ಸುಲಭವಾದ ಇಂಗ್ಲಿಷ್ ಪದಗಳ ಒಂದು ಪಟ್ಟಿ. ಮೂಲಸಂಖ್ಯೆಯನ್ನು ಈ ಪಟ್ಟಿಯ ೧೨ ಅಥವಾ ೨೪ ಪದಗಳ ಸಾಲಾಗಿ ಮಾರ್ಪಡಿಸಿ ಒಡೆಯನಿಗೆ ತೋರಿಸುತ್ತಾರೆ. ಅವನು ಅದನ್ನು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗದಂತೆ ಆರಿಸಿರುವುದರಿಂದ, ಬಾಲ ಅಳಿಸಿಹೋದರೂ ಪದವನ್ನು ಗುರುತಿಸಬಹುದು. ಇನ್ನೂ ಒಂದು ಜಾಣ್ಮೆಯುಂಟು. ಕೊನೆಯ ಪದದಲ್ಲಿ ಮಿಕ್ಕ ಪದಗಳಿಂದಲೇ ಎಣಿಸಿದ ಒಂದು ಪರೀಕ್ಷಾಂಶವನ್ನು ಸೇರಿಸಿದ್ದಾರೆ. ಒಂದು ಪದ ತಪ್ಪಿದರೂ ಬಹುಮಟ್ಟಿಗೆ ಲೆಕ್ಕ ಕೂಡುವುದಿಲ್ಲ, ಯಂತ್ರವು ಒಪ್ಪುವುದಿಲ್ಲ. ವೇದವನ್ನು ಓದಿದವರಿಗೆ ಇದು ಹೊಸದಾಗಿ ತೋರದು. ಪದಪಾಠವಾದ ಮೇಲೆ ಕ್ರಮ, ಜಟೆ, ಘನಗಳೆಂದು ಅದೇ ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಿಸಿದ್ದು ಏತಕ್ಕೆ? ಒಂದು ಸ್ವರ ಜಾರಿದರೂ ಹೆಣಿಗೆಯಲ್ಲಿ ಸಿಕ್ಕಿಬೀಳಲೆಂದೇ ಅಲ್ಲವೆ? ನಮ್ಮವರು ಬಾಯಿಂದ ಮಾಡಿದ್ದನ್ನು ಇವರು ಗಣಿತದಿಂದ ಮಾಡಿದರು.

ಈ ಪಟ್ಟಿ ಜಪಾನೀ, ಸ್ಪ್ಯಾನಿಷ್, ಫ್ರೆಂಚ್, ಚೀನೀ ಮೊದಲಾದ ಭಾಷೆಗಳಲ್ಲಿಯೂ ಇದೆ, ಕನ್ನಡದಲ್ಲಿ ಇಲ್ಲ. ಆದಕಾರಣ ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುವುದು ತರವಲ್ಲ. ಉಚ್ಚಾರಣೆಯನ್ನು ನೆಚ್ಚಿ ಬರೆದದ್ದು ಮುಂದೆ ಕಾಗುಣಿತಕ್ಕೆ ತೊಡಕಾಗುತ್ತದೆ. ಅಭಿಮಾನವು ಬೇರೆ ಕಡೆ ಇರಲಿ. ಇಲ್ಲಿ ರೋಮನ್ ಅಕ್ಷರಗಳೇ ಆಗಬೇಕು.

ಕೈ ಕಳೆದುಕೊಂಡವರ ಕಥೆಗಳು ಈಗಾಗಲೇ ಪುರಾಣದಷ್ಟಾಗಿವೆ. ವೇಲ್ಸ್ ದೇಶದ ನ್ಯೂಪೋರ್ಟ್ ಪಟ್ಟಣದ ಜೇಮ್ಸ್ ಹೋವೆಲ್ಸ್ ಎಂಬಾತನ ಹಳೆಯ ಹಾರ್ಡ್ ಡಿಸ್ಕ್ ಒಂದು ೨೦೧೩ರಲ್ಲಿ ಮನೆಯ ಕಸದೊಡನೆ ಊರ ತಿಪ್ಪೆಗೆ ಹೋಯಿತು. ಅದರಲ್ಲಿ ಸುಮಾರು ೮,೦೦೦ ಬಿಟ್‌ಕಾಯಿನ್‌ಗಳ ಕೀಲಿಯಿತ್ತು. ತಿಪ್ಪೆಯನ್ನು ಅಗೆಯಲು ಪುರಸಭೆ ಒಪ್ಪಲಿಲ್ಲ. ೨೦೨೫ರ ಜನವರಿಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಆತನ ದಾವೆಯನ್ನು ತಳ್ಳಿಹಾಕಿತು. ಸ್ಟೆಫಾನ್ ಥಾಮಸ್ ಎಂಬ ತಂತ್ರಜ್ಞನ ೭,೦೦೨ ಬಿಟ್‌ಕಾಯಿನ್‌ಗಳ ಕೀಲಿಯು ಒಂದು ಸಣ್ಣ ಸಂಗ್ರಹಯಂತ್ರದಲ್ಲಿದೆ. ಹತ್ತು ಸಲ ತಪ್ಪು ಪಾಸ್‌ವರ್ಡ್ ಒತ್ತಿದರೆ ಅದು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಪಾಸ್‌ವರ್ಡ್ ಬರೆದಿದ್ದ ಚೀಟಿ ಕಳೆದುಹೋಗಿತ್ತು. ೨೦೨೧ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಸಂಗತಿಯನ್ನು ಪ್ರಕಟಿಸಿದಾಗ ಎಂಟು ಸಲ ಆಗಿಹೋಗಿತ್ತು.

ಇವುಗಳಿಗಿಂತ ನನ್ನ ಮನಸ್ಸನ್ನು ಸೆಳೆದದ್ದು ಕಳೆದದ್ದು ಸಿಕ್ಕಿದ ಇನ್ನೊಂದು ಕಥೆ. ಯೂರೋಪಿನ ಒಬ್ಬನು ೨೦೧೩ರಲ್ಲಿ ರೋಬೋಫಾರ್ಮ್ ಎಂಬ ತಂತ್ರಾಂಶದಿಂದ ೨೦ ಅಕ್ಷರಗಳ ಪಾಸ್‌ವರ್ಡೊಂದನ್ನು ಹುಟ್ಟಿಸಿ, ತನ್ನ ೪೩.೬ ಬಿಟ್‌ಕಾಯಿನ್‌ಗಳ ವಾಲೆಟ್ಟಿಗೆ ಅದನ್ನು ಬೀಗವಾಗಿ ಹಾಕಿದನು. ಪಾಸ್‌ವರ್ಡನ್ನು ಬಚ್ಚಿಟ್ಟಿದ್ದ ಕಡತ ಕೆಟ್ಟುಹೋಯಿತು. ಹತ್ತು ವರ್ಷ ಹಾಗೆಯೇ ಕಳೆಯಿತು. ಅಮೆರಿಕದ ಪೋರ್ಟ್‌ಲೆಂಡಿನ ಜೋ ಗ್ರ್ಯಾಂಡ್ ಎಂಬ ವಿದ್ಯುತ್ ಎಂಜಿನಿಯರನು ಜರ್ಮನಿಯ ಸ್ನೇಹಿತನೊಡಗೂಡಿ ಆ ತಂತ್ರಾಂಶದ ಹಳೆಯ ಆವೃತ್ತಿಯನ್ನು ಬಿಚ್ಚಿ ನೋಡಲಾಗಿ ಒಂದು ದೋಷವು ಕಂಡಿತು: ಯಾದೃಚ್ಛಿಕವೆಂದು ಹೇಳಿಕೊಂಡ ಆ ಪಾಸ್‌ವರ್ಡು ನಿಜವಾಗಿ ಆ ಕ್ಷಣದ ದಿನಾಂಕವನ್ನೂ ಗಡಿಯಾರವನ್ನೂ ಅನುಸರಿಸಿ ಹುಟ್ಟುತ್ತಿತ್ತು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅದೇ ಪಾಸ್‌ವರ್ಡು ಮತ್ತೆ ಹುಟ್ಟಬೇಕಷ್ಟೆ. ಆದರೆ ಯಾವ ದಿನ, ಯಾವ ಗಳಿಗೆ? ಒಡೆಯನಿಗೆ ನೆನಪಿರಲಿಲ್ಲ. ಊಹಿಸಿದ ವಾರಗಳನ್ನೆಲ್ಲ ಜಾಲಾಡಿದರೂ ಸಿಕ್ಕಲಿಲ್ಲ. ಕೊನೆಗೆ, ಪಾಸ್‌ವರ್ಡಿನಲ್ಲಿ ವಿಶೇಷ ಚಿಹ್ನೆಗಳಿದ್ದುವೆಂಬ ಎಣಿಕೆಯನ್ನೇ ಬಿಟ್ಟು ಹುಡುಕಿದಾಗ ಸಿಕ್ಕಿತು. ೨೦೧೩ರ ಮೇ ೧೫, ಗ್ರೀನಿಚ್ ಕಾಲಮಾನದಲ್ಲಿ ಸಂಜೆ ೪ ಗಂಟೆ ೧೦ ನಿಮಿಷ ೪೦ ಸೆಕೆಂಡು! ಮುಹೂರ್ತವಿಟ್ಟ ಹಾಗೆ. ಆ ದೋಷವನ್ನು ತಂತ್ರಾಂಶದವರು ೨೦೧೫ರಲ್ಲಿ ತಿದ್ದಿದರು. ದೋಷವೇ ಅವನ ಪಾಲಿಗೆ ಭಾಗ್ಯವಾಯಿತೆನ್ನಬೇಕು. ಆದರೆ ಅದೇ ದೋಷವನ್ನು ಕಳ್ಳನೊಬ್ಬನು ಮೊದಲು ಕಂಡಿದ್ದರೆ?

ಇನ್ನು ಹತ್ತಿರದ ಒಂದು ಸಂಗತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಕೆಲವು ತಿಂಗಳ ಮೇಲೆ ಅವನ ಹೆಂಡತಿ ಮಾವನವರೊಡನೆ ನನ್ನಲ್ಲಿಗೆ ಬಂದಳು. ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಯಂತ್ರ. ಗೆದ್ದಲು ಹಿಡಿದ ಒಂದು ಕಾಗದ. “ಮೇಷ್ಟ್ರೇ, ಇದು ದುಡ್ಡೋ ಬರಿಯ ಕಾಗದವೋ, ನೀವೇ ಹೇಳಬೇಕು. ಅವರು ಒಂದು ಮಾತೂ ಹೇಳಲಿಲ್ಲ” ಎಂದಳು. ಕಾಗದದಲ್ಲಿ ಹನ್ನೊಂದು ಪದಗಳು ಸ್ಪಷ್ಟವಾಗಿದ್ದುವು. ಹನ್ನೆರಡನೆಯದನ್ನು ಗೆದ್ದಲು ತಿಂದಿತ್ತು. ಯಂತ್ರದ ಗುಪ್ತಸಂಖ್ಯೆ ಯಾರಿಗೂ ತಿಳಿಯದು. ಅಂತಹ ಯಂತ್ರವು ಕೆಲವು ಸಲ ತಪ್ಪು ಸಂಖ್ಯೆ ಒತ್ತಿದರೆ ತನ್ನೊಳಗಿರುವುದನ್ನೆಲ್ಲ ಅಳಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಫೋನಿನಲ್ಲಿ ಒಬ್ಬನು, ‘ಹನ್ನೊಂದು ಪದಗಳನ್ನು ಕಳುಹಿಸಿ, ಇಪ್ಪತ್ತು ಸಾವಿರ ಮುಂಗಡ ಕೊಡಿ, ತೆಗೆದುಕೊಡುತ್ತೇನೆ’ ಎಂದು ಆಕೆಯನ್ನು ಕಾಡತೊಡಗಿದ್ದನು. ಪುಣ್ಯಕ್ಕೆ ಆಕೆ ಕಳುಹಿಸಿರಲಿಲ್ಲ.

ನನ್ನ ಸೋದರಳಿಯನು ಈ ವಿದ್ಯೆಯನ್ನು ಬಲ್ಲವನು. ಯಂತ್ರವನ್ನು ಅವನು ಮುಟ್ಟಲೇ ಇಲ್ಲ. ಪದಗಳು ಸಿಕ್ಕಿದರೆ ಯಂತ್ರವು ಸುಟ್ಟುಹೋದರೂ ಚಿಂತೆಯಿಲ್ಲ, ಹೊಸದರಲ್ಲಿ ಮತ್ತೆ ಸ್ಥಾಪಿಸಬಹುದೆಂದನು. ಪಟ್ಟಿಯ ೨,೦೪೮ ಪದಗಳಲ್ಲಿ ಯಾವುದು ಹನ್ನೆರಡನೆಯದೆಂದು ಹುಡುಕಬೇಕು. ಆದರೆ ಪರೀಕ್ಷಾಂಶದ ನಿಯಮದಿಂದ ಹದಿನಾರರಲ್ಲಿ ಒಂದು ಮಾತ್ರ ಕೂಡುವುದರಿಂದ ಉಳಿದದ್ದು ಬರಿಯ ೧೨೮. ಸತ್ತವನು ನಾಣ್ಯಗಳನ್ನು ಕೊಂಡ ವಿನಿಮಯ ಸಂಸ್ಥೆಯ ಪಟ್ಟಿಯಲ್ಲಿ, ಅವುಗಳನ್ನು ದಾಟಿಸಿಕೊಂಡ ವಿಳಾಸವು ಅಚ್ಚಾಗಿತ್ತು. ಅಂತರ್ಜಾಲದ ಸಂಪರ್ಕವನ್ನು ಕಿತ್ತ ಗಣಕಯಂತ್ರದಲ್ಲಿ ೧೨೮ ಸಾಲುಗಳಿಂದಲೂ ವಿಳಾಸಗಳನ್ನು ಹುಟ್ಟಿಸಿ, ಆ ಪಟ್ಟಿಯೊಡನೆ ಹೋಲಿಸಿದನು. ಕಾಫಿ ಆರುವುದರೊಳಗೆ ಪದವು ಸಿಕ್ಕಿತು. ಮೊತ್ತವು ಅಪಾರವೇನಲ್ಲ, ಮಗುವಿನ ಎರಡು ಮೂರು ವರ್ಷಗಳ ಶಾಲೆಯ ಶುಲ್ಕಕ್ಕೆ ಸಾಕಾಗುವಷ್ಟು. ಹಳೆಯ ಕಾಗದವನ್ನು ನಾಲ್ಕಾರು ಜನರು ಕಂಡಿದ್ದರೆಂದು, ಆಕೆಯ ಕೈಯಿಂದಲೇ ಹೊಸ ಪದಗಳ ಹೊಸ ವಾಲೆಟ್ ಮಾಡಿಸಿ ಎಲ್ಲವನ್ನೂ ಅದಕ್ಕೆ ದಾಟಿಸಿದರು. ಫೋನಿನವನಿಗೆ ಆ ಹನ್ನೊಂದು ಪದಗಳು ದೊರೆತಿದ್ದರೆ ಅವನೂ ಇದೇ ಲೆಕ್ಕವನ್ನು ಮಾಡುತ್ತಿದ್ದನೆಂಬುದನ್ನು ಹೇಳಬೇಕಾಗಿಲ್ಲ.

ಎಷ್ಟು ಕಳೆದರೆ ಮರಳಿ ಪಡೆಯಬಹುದು, ಎಷ್ಟು ಕಳೆದರೆ ಆಸೆ ಬಿಡಬೇಕು ಎಂಬುದು ಕೇವಲ ಗಣಿತದ ಮಾತು. ಭಾಸ್ಕರಾಚಾರ್ಯರ ಲೀಲಾವತಿಯ ಕೊನೆಯಲ್ಲಿ ಬರುವ ಅಂಕಪಾಶವನ್ನು ಓದಿದವರು ಇದನ್ನು ಸುಲಭವಾಗಿ ಕಾಣುವರು. ಹನ್ನೆರಡರಲ್ಲಿ ಎರಡು ಪದಗಳು ಹೋದರೆ, ಪರೀಕ್ಷೆಯಲ್ಲಿ ಕೂಡುವುವು ಸುಮಾರು ೨,೬೨,೦೦೦. ಯಂತ್ರಕ್ಕೆ ಇದು ಆಟ. ಹನ್ನೆರಡು ಪದಗಳೂ ಇದ್ದು ಅನುಕ್ರಮ ಮಾತ್ರ ಕೆಟ್ಟಿದ್ದರೆ ಜೋಡಣೆಗಳು ೪೭,೯೦,೦೧,೬೦೦. ಕೂಡತಕ್ಕವು ಸುಮಾರು ಮೂರು ಕೋಟಿ. ಇದೂ ಸಾಧ್ಯ. ಆದರೆ ಇಪ್ಪತ್ತನಾಲ್ಕು ಪದಗಳ ಅನುಕ್ರಮ ಕೆಟ್ಟರೆ ಆರರ ಮುಂದೆ ಇಪ್ಪತ್ತಮೂರು ಸೊನ್ನೆಗಳಷ್ಟು ಜೋಡಣೆಗಳಾಗುತ್ತವೆ. ಅಲ್ಲಿ ಯಂತ್ರವೂ ಕೈಚೆಲ್ಲುತ್ತದೆ. ಕಾಗದವೇ ಪೂರ್ತಿ ಹೋಗಿ, ಯಂತ್ರವೂ ಹೋದರೆ ಅದು ಮುಗಿದ ಮಾತು. ವಾಲೆಟ್ಟಿನ ಕಡತವಿದ್ದು ಪಾಸ್‌ವರ್ಡು ಮಾತ್ರ ಅರ್ಧ ನೆನಪಿದ್ದರೆ ಆಸೆ ಉಂಟು. ಒಡೆಯನು ಯಾವ ಹೆಸರು, ಯಾವ ಇಸವಿ, ಯಾವ ಚಿಹ್ನೆಗಳನ್ನು ಬಳಸುವ ವಾಡಿಕೆಯವನೆಂದು ಮನೆಯವರೆಲ್ಲ ಕುಳಿತು ಬರೆದುಕೊಂಡರೆ, ತಂತ್ರಾಂಶವು ಲಕ್ಷಗಟ್ಟಲೆ ಜೋಡಣೆಗಳನ್ನು ಪರೀಕ್ಷಿಸುತ್ತದೆ. ಇಂತಹ ಕೆಲಸವನ್ನು ಮಾಡುವಾಗ ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಡತಕ್ಕದ್ದು. ಹಳೆಯ ಫೋನು, ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕಕೂಡದು.

ಮೋಸಗಾರರ ವಿಷಯದಲ್ಲಿ ಒಂದೇ ಮಾತು ಸಾಕು. ಪದಗಳನ್ನು ಕೇಳುವವನು, ಅವನು ಯಾವ ಸಂಸ್ಥೆಯ ಹೆಸರು ಹೇಳಿದರೂ ಸರಿಯೆ, ಕಳ್ಳನು. ಕಳೆದುಕೊಂಡವರನ್ನೇ ಹುಡುಕಿಕೊಂಡು ಬಂದು ಮುಂಗಡ ಕೇಳುವವನೂ ಹಾಗೆಯೇ. ಹಣ ಹೋಗಿದ್ದರೆ ತಡಮಾಡದೆ ೧೯೩೦ ಎಂಬ ಸರಕಾರಿ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು.

ಕಾಪಾಡುವ ಬಗೆಗೆ ಬರೋಣ. ಪದಗಳನ್ನು ಫೋನಿನಲ್ಲಿ ಚಿತ್ರ ತೆಗೆದಿಡುವುದು, ತನಗೆ ತಾನೇ ಅಂಚೆ ಕಳುಹಿಸಿಕೊಳ್ಳುವುದು, ಇವೆರಡೂ ಬೀದಿಯ ಗೋಡೆಯ ಮೇಲೆ ಬರೆದಂತೆ. ಕಾಗದವೇ ಒಳ್ಳೆಯದು. ಆದರೆ ನಮ್ಮ ಸೀಮೆಯಲ್ಲಿ ಮಳೆಗಾಲವೂ ಗೆದ್ದಲೂ ಇರುವುದರಿಂದ, ಉಕ್ಕಿನ ತಗಡಿನ ಮೇಲೆ ಅಕ್ಷರ ಕೊರೆಯಿಸುವ ಪದ್ಧತಿಯು ಇನ್ನೂ ಮೇಲು. ಕೊರೆಯುವುದನ್ನು ಸ್ವತಃ ಮಾಡಬೇಕು, ಅಂಗಡಿಯವನಿಂದ ಮಾಡಿಸಕೂಡದು. ಎರಡು ಪ್ರತಿಗಳು ಎರಡು ಊರುಗಳಲ್ಲಿರಲಿ. ಹಣವನ್ನು ತುಂಬುವ ಮೊದಲೇ ಅಲ್ಪ ಮೊತ್ತವನ್ನಿಟ್ಟು, ಯಂತ್ರವನ್ನು ಅಳಿಸಿ, ಬರೆದಿಟ್ಟ ಪದಗಳಿಂದ ಅದನ್ನು ಮರಳಿ ತರಲು ಆಗುವುದೇ ಎಂದು ನೋಡಿಕೊಳ್ಳಬೇಕು. ಪಾಠ ಒಪ್ಪಿಸದವನಿಗೆ ಪಾಠ ಬಂದಿದೆಯೆಂದು ಯಾವ ಉಪಾಧ್ಯಾಯನೂ ನಂಬನು.

ಕೆಲವರು ಹನ್ನೆರಡು ಪದಗಳನ್ನು ಆರಾರಾಗಿ ಒಡೆದು ಇಬ್ಬರು ಮಕ್ಕಳಿಗೆ ಕೊಡುವರು. ಇದು ತೋರಿಕೆಗೆ ಜಾಣತನ. ಒಬ್ಬನ ಭಾಗ ಕಳೆದರೆ ಎಲ್ಲವೂ ಹೋಯಿತು. ಕಳ್ಳನ ಕೈಗೆ ಒಂದು ಭಾಗ ಸಿಕ್ಕಿದರೆ ಅವನ ಕೆಲಸವೂ ಎಷ್ಟೋ ಹಗುರವಾಯಿತು. ಇದಕ್ಕೆ ಸರಿಯಾದ ಉಪಾಯವನ್ನು ೧೯೭೯ರಲ್ಲಿ ಇಸ್ರೇಲಿನ ಗಣಿತಜ್ಞ ಆದಿ ಶಮೀರ್ ತೋರಿಸಿದನು. ಕಾಗದದ ಮೇಲೆ ಒಂದು ಬಿಂದುವಿನ ಮೂಲಕ ಎಷ್ಟು ಸರಳರೇಖೆಗಳನ್ನಾದರೂ ಎಳೆಯಬಹುದು. ಎರಡು ಬಿಂದುಗಳ ಮೂಲಕ ಒಂದನ್ನೇ. ಆ ರೇಖೆ ಲಂಬಾಕ್ಷವನ್ನು ಕಡಿಯುವ ಸ್ಥಾನವೇ ರಹಸ್ಯವೆಂದಿಟ್ಟುಕೊಂಡು, ರೇಖೆಯ ಮೇಲಿನ ಮೂರು ಬಿಂದುಗಳನ್ನು ಮೂವರಿಗೆ ಕೊಟ್ಟರೆ, ಯಾರೇ ಇಬ್ಬರು ಸೇರಿದರೂ ರಹಸ್ಯ ತೆರೆಯುತ್ತದೆ. ಒಬ್ಬನಿಂದ ಏನೂ ತಿಳಿಯದು. ಈ ರೀತಿಯಲ್ಲಿ ಪದಗಳನ್ನು ಹಂಚಿಕೊಡುವ ಯಂತ್ರಗಳು ಈಗ ದೊರೆಯುತ್ತವೆ. ಹೆಂಡತಿ, ತಮ್ಮ, ಬ್ಯಾಂಕಿನ ಲಾಕರು, ಹೀಗೆ ಮೂರು ಸ್ಥಾನಗಳು ಸಂಸಾರಸ್ಥನಿಗೆ ಹೊಂದುವುವು.

ಇಷ್ಟೆಲ್ಲ ತಾಪತ್ರಯವೇಕೆ, ವಿನಿಮಯ ಸಂಸ್ಥೆಯಲ್ಲಿಯೇ ಬಿಟ್ಟರಾಗದೆ ಎಂದು ಕೇಳಬಹುದು. ಅಲ್ಲಿ ಪಾಸ್‌ವರ್ಡ್ ಮರೆತರೆ ಗುರುತಿನ ಚೀಟಿ ತೋರಿಸಿ ಹೊಸದನ್ನು ಪಡೆಯಬಹುದು, ನಿಜ. ಆದರೆ ಕೀಲಿ ಅವರದು. ೨೦೨೪ರ ಜುಲೈಯಲ್ಲಿ ನಮ್ಮ ದೇಶದ ವಜೀರ್‌ಎಕ್ಸ್ ಸಂಸ್ಥೆಯಿಂದ ಸುಮಾರು ೨೩ ಕೋಟಿ ಡಾಲರುಗಳಷ್ಟು ಕಳವಾಯಿತು. ಗ್ರಾಹಕರು ಬಹುಕಾಲ ತಮ್ಮ ಹಣವನ್ನು ಮುಟ್ಟಲಾರದೆ ಹೋದರು. ಕೆನಡಾ ದೇಶದ ಕ್ವಾಡ್ರಿಗಾ ಎಂಬ ಸಂಸ್ಥೆಯ ಯಜಮಾನನು ೨೦೧೮ರ ಡಿಸೆಂಬರಿನಲ್ಲಿ ನಮ್ಮ ಜಯಪುರದಲ್ಲಿ ತೀರಿಕೊಂಡಾಗ, ಕೀಲಿಗಳು ಆತನೊಡನೆಯೇ ಹೋದುವೆಂದು ಲೋಕವೆಲ್ಲ ಮರುಗಿತು. ೨೦೨೦ರಲ್ಲಿ ಒಂಟಾರಿಯೋ ಪ್ರಾಂತದ ಅಧಿಕಾರಿಗಳು ವಿಚಾರಿಸಿದಾಗ, ಹಣವನ್ನು ಆತನು ಬದುಕಿದ್ದಾಗಲೇ ಮೋಸದಿಂದ ಕಳೆದಿದ್ದನೆಂದು ತಿಳಿದುಬಂದಿತು. ಸುಮಾರು ೭೬ ಸಾವಿರ ಗ್ರಾಹಕರು ನಷ್ಟಕ್ಕೊಳಗಾದರು.

ಕೊನೆಯದಾಗಿ ವಾರಸಿನ ವಿಚಾರ. ಸ್ವಂತ ವಾಲೆಟ್ಟಿಗೆ ಬ್ಯಾಂಕಿನ ಠೇವಣಿಯಂತೆ ನಾಮಿನಿಯಿಲ್ಲ. ಉಯಿಲಿನಲ್ಲಿ ಈ ಆಸ್ತಿ ಉಂಟೆಂದೂ ಯಾರಿಗೆ ಸಲ್ಲತಕ್ಕದ್ದೆಂದೂ ಬರೆಯಬೇಕು. ಪದಗಳನ್ನು ಮಾತ್ರ ಅದರಲ್ಲಿ ಬರೆಯಕೂಡದು, ಏಕೆಂದರೆ ಉಯಿಲು ಹಲವರ ಕಣ್ಣಿಗೆ ಬೀಳುವ ಕಾಗದ. ಪದಗಳ ಪ್ರತಿ ಎಲ್ಲಿದೆ, ಯಂತ್ರ ಯಾವ ಬಗೆಯದು, ಪದಗಳಲ್ಲದೆ ಬೇರೆ ಗುಪ್ತವಾಕ್ಯವನ್ನು ಸೇರಿಸಿದೆಯೇ, ನಂಬಿಕೆಯುಳ್ಳ ಬಲ್ಲವರು ಯಾರು ಎಂಬುದನ್ನು ಬೇರೊಂದು ಮುಚ್ಚಿದ ಲಕೋಟೆಯಲ್ಲಿಡಬೇಕು. ಅದರೊಡನೆ ನಾಣ್ಯವನ್ನು ಯಾವ ದಿನ, ಯಾವ ಬೆಲೆಗೆ ಕೊಂಡದ್ದೆಂಬ ಪಟ್ಟಿಯೂ ಇರಲಿ. ೨೦೨೨ರ ಏಪ್ರಿಲ್ ೧ರಿಂದ ಇಂತಹ ಲಾಭದ ಮೇಲೆ ನೂರಕ್ಕೆ ೩೦ರಂತೆ ತೆರಿಗೆಯುಂಟು. ಕೊಂಡ ಬೆಲೆಯೊಂದನ್ನುಳಿದು ಬೇರಾವ ಖರ್ಚನ್ನೂ ಅದರಲ್ಲಿ ಕಳೆಯಗೊಡುವುದಿಲ್ಲ. ಆ ಪಟ್ಟಿ ಇಲ್ಲದಿದ್ದರೆ ಬೀಗ ತೆಗೆದ ಮೇಲೆಯೂ ಮನೆಯವರು ತೆರಿಗೆಯ ಕಚೇರಿಯಲ್ಲಿ ಲೆಕ್ಕ ಒಪ್ಪಿಸಲಾರದೆ ನಿಲ್ಲಬೇಕಾಗುವುದು.